ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಟೇಪು ಹಿಡಿಯಿರಿ

ತೂಕ ಹೋದ ವರ್ಷದಷ್ಟೇ ಇದೆ. ಆದರೆ ಚೂಡಿದಾರ ಹೊಟ್ಟೆ ಹತ್ತಿರ ಬಿಗಿ. ನಲವತ್ತೈದು ದಾಟಿದ ಎಷ್ಟೋ ಹೆಂಗಸರು ಹೀಗೆ ಹೇಳುತ್ತಾರೆ. ಮನೆಯವರು ನಗುತ್ತಾರೆ, ಆದರೆ ಮಾತು ಸುಳ್ಳಲ್ಲ.

ನಮ್ಮ ದೇಶದಲ್ಲಿ ಸರಾಸರಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಂತೆ, ತೊಡೆ-ಪೃಷ್ಠದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ಜೊತೆಗೆ ಸ್ನಾಯು ಕರಗುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ತೂಕದ ಯಂತ್ರಕ್ಕೆ ಏನು ಗೊತ್ತಾಗಬೇಕು? ಅಮೆರಿಕದಲ್ಲಿ ನಡುವಯಸ್ಸಿನ ಹೆಂಗಸರ ಮೇಲೆ ನಡೆದ 'ಸ್ವಾನ್' ಅಧ್ಯಯನದಲ್ಲಿ, ಕೊನೆಯ ಮುಟ್ಟಿಗೆ ಸುಮಾರು ಎರಡು ವರ್ಷ ಮುಂಚೆಯೇ ಕೊಬ್ಬು ಸೇರುವ ವೇಗ ದುಪ್ಪಟ್ಟಾಗಿದ್ದು ಕಂಡಿತು. ಹಾಗಾಗಿ ಮುಟ್ಟು ಏರುಪೇರಾದಾಗಲೇ ಶುರು ಮಾಡಿ.

1. ಅಳೆಯಿರಿ. ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಬರಿಮೈ ಮೇಲೆ ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಮೋಸ ಮಾಡಿಕೊಂಡು ಏನು ಸಿಗುತ್ತದೆ? ಉಸಿರು ಬಿಟ್ಟ ಮೇಲೆ ನೋಡಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಸುಮಾರು 31.5 ಇಂಚು, ಎಚ್ಚರಿಕೆಯ ಗೆರೆ. ತಿಂಗಳಿಗೊಮ್ಮೆ ಬರೆದಿಡಿ.

2. ಕುರ್ಚಿ ಪರೀಕ್ಷೆ. ಕೈ ಎದೆಗೆ ಕಟ್ಟಿ, ಐದು ಸಲ ಎದ್ದು ಕೂತುಕೊಳ್ಳಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕಡಿಮೆಯಾಗಿದೆ ಎಂದರ್ಥ. ಮಂಡಿನೋವು ಇದ್ದವರು ಬಲವಂತ ಮಾಡಬೇಡಿ.

3. ತಟ್ಟೆ ಬದಲಿಸಿ. ಎಲ್ಲರೂ ಎಡವುವುದು ಇಲ್ಲೇ. ಹೊಟ್ಟೆ ಬಂತು ಅಂತ ರಾತ್ರಿ ಊಟ ಬಿಡುತ್ತಾರೆ, ಇನ್ನಷ್ಟು ಸ್ನಾಯು ಕಳೆದುಕೊಳ್ಳುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಕಡಲೆಕಾಯಿಯಲ್ಲಿ 7, ಒಂದು ಲೋಟ ಹಾಲಿನಲ್ಲಿ ಆರರ ಮೇಲೆ ಸ್ವಲ್ಪ.

ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಪಾಲಿಗೆ ಸಾರಿನ ತಿಳಿ. ಬೇಳೆ ಎಲ್ಲ ಅಷ್ಟರಲ್ಲಿ ಬೇರೆಯವರ ತಟ್ಟೆ ಸೇರಿರುತ್ತದೆ. ಸೌಟನ್ನು ತಳದವರೆಗೆ ಇಳಿಸಿ, ಗಟ್ಟಿ ಬೇಳೆ, ಕಾಳು ಮೊದಲೇ ಬಡಿಸಿಕೊಳ್ಳಿ. ಹುರುಳಿ, ಅವರೆ, ಹೆಸರುಕಾಳು ಯಾವುದಾದರೂ ಸರಿ. ಮುದ್ದೆ ಬಿಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು, ಉಳಿದದ್ದಕ್ಕೆ ಹಾಲು, ಮೊಸರು, ನುಗ್ಗೆಸೊಪ್ಪು. ಮುದ್ದೆ ಒಂದಕ್ಕೇ ನಿಲ್ಲಿಸಿ, ಪಕ್ಕದಲ್ಲಿ ಪಲ್ಯ ಜಾಸ್ತಿ ಇರಲಿ. ಸಂಜೆ ಕಾಫಿ ಜೊತೆಗಿನ ಬಿಸ್ಕತ್ತು, ನಿಪ್ಪಟ್ಟು ಮೊದಲು ಹೋಗಲಿ.

4. ತಂಬಾಕು ಬಿಡಿ. ಸಿಗರೇಟು ಸೇದುವವರು ತೆಳ್ಳಗೆ ಕಾಣಬಹುದು, ಆದರೆ ಅವರ ಕೊಬ್ಬು ಹೊಟ್ಟೆಗೇ ಹೆಚ್ಚು ಸೇರುತ್ತದೆ. ಮುಟ್ಟೂ ಒಂದೆರಡು ವರ್ಷ ಮುಂಚೆ ನಿಲ್ಲುತ್ತದೆ, ಮೂಳೆಯೂ ಬೇಗ ಸವೆಯುತ್ತದೆ.

ನಮ್ಮಲ್ಲಿ ಸೇದುವ ಹೆಂಗಸರು ಕಡಿಮೆ. ಆದರೆ ಎಲೆ-ಅಡಿಕೆ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು? ಡಾಕ್ಟರು "ಸಿಗರೇಟು ಇದೆಯಾ?" ಅಂದರೆ "ಛೇ, ಇಲ್ಲಪ್ಪ" ಅನ್ನುತ್ತಾರೆ, ಸೆರಗಿನ ಗಂಟಿನಲ್ಲಿ ಪುಡಿ ಇರುತ್ತದೆ. ಅದೂ ತಂಬಾಕೇ, ನಿಕೋಟಿನ್ ಅದರಲ್ಲೂ ಇದೆ, ಬಾಯಿ ಕ್ಯಾನ್ಸರ್ ತರುತ್ತದೆ. ಬರಿ ಅಡಿಕೆಯೂ ಆ ವಿಷಯದಲ್ಲಿ ಸಾಧುವಲ್ಲ. ಡಾಕ್ಟರಿಗೆ ಮುಚ್ಚಿಡಬೇಡಿ.

"ಬಿಟ್ರೆ ದಪ್ಪ ಆಗ್ತೀನಿ" ಅನ್ನುವ ಭಯ ಸುಳ್ಳಲ್ಲ. ಸಿಗರೇಟು ಬಿಟ್ಟವರು ಮೊದಲ ವರ್ಷ ಸರಾಸರಿ 4-5 ಕಿಲೋ ಏರುತ್ತಾರೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ. ಹಸಿವು, ರುಚಿ ಎರಡೂ ಮರಳುತ್ತವಲ್ಲ! ಆದರೂ ಹೃದಯಕ್ಕೆ ಆಗುವ ಲಾಭ ಆ ತೂಕಕ್ಕಿಂತ ದೊಡ್ಡದು. ಆ ಮೂರು ತಿಂಗಳು ಸೌತೆಕಾಯಿ, ಹುರಿಗಡಲೆ, ಮಜ್ಜಿಗೆ ಕೈಗೆ ಸಿಗುವಂತಿರಲಿ. ಒಬ್ಬರಿಂದಲೇ ಆಗದಿದ್ದರೆ 1800-11-2356ಕ್ಕೆ ಕರೆ ಮಾಡಿ, ಇದು ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ.

5. ಭಾರ ಎತ್ತಿ. ವಾಕಿಂಗ್ ಒಳ್ಳೆಯದೇ, ಆದರೆ ಸ್ನಾಯುವಿಗೆ ಅದು ಸಾಲದು. ವಾರಕ್ಕೆ ಎರಡು ದಿನವಾದರೂ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡಿ. ಮನೆಗೆಲಸವೇ ವ್ಯಾಯಾಮ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಮೈಗೆ ಹೊಸ ಭಾರ ಬೇಕು.

ಮುಟ್ಟು ನಿಂತು ಹನ್ನೆರಡು ತಿಂಗಳು ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಿ.