ಇಪ್ಪತ್ತೈದು ನಿಮಿಷ, ಒಂದೇ ಅಡುಗೆ: ಹ್ಯೂಸ್ಟನ್‌ನಲ್ಲಿ ನಮ್ಮ ಮನೆ ಪ್ರಾರ್ಥನೆ ಬೇರು ಬಿಟ್ಟಿದ್ದು

ಆರು ವಾರ. ಜಾಸ್ತಿ ಅಂದರೆ ಎಂಟು. ನಮ್ಮ ವೆಸ್ಟ್ರಿಯ ಖಜಾಂಚಿ ನನ್ನ ಮನೆ ಪ್ರಾರ್ಥನೆಗೆ ಕೊಟ್ಟ ಆಯಸ್ಸು ಅಷ್ಟೇ. (ವೆಸ್ಟ್ರಿ ಅಂದರೆ ಚರ್ಚಿನ ಆಡಳಿತ ನೋಡುವ ಸಮಿತಿ, ಊರಿನ ಪಾಸ್ಟರೇಟ್ ಕಮಿಟಿಯ ಹಾಗೇ, ಜಗಳ ಸ್ವಲ್ಪ ಕಮ್ಮಿ.) ಅದು ಶುರುವಾಗಿದ್ದು 2019ರ ಜನವರಿಯಲ್ಲಿ. ಇವತ್ತಿಗೂ ಬುಧವಾರ ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ನಡೆಯುತ್ತಿದೆ. ಆ ಖಜಾಂಚಿಯ ಮನೆಯಲ್ಲೇ ಈಗ ವರ್ಷಕ್ಕೆ ನಾಲ್ಕು ಸಲ ಕೂರುತ್ತೇವೆ. ಅದನ್ನು ಅವರಿಗೆ ನೆನಪಿಸುವ ಕೆಲಸ ನಾನು ಬಿಟ್ಟಿಲ್ಲ.

ಬೇರೆ ರಾಜ್ಯಗಳಲ್ಲಿ ಎಪಿಸ್ಕೋಪಲ್ ಸಭೆ (ಅಮೆರಿಕದ ಆಂಗ್ಲಿಕನ್ ಚರ್ಚ್) ಸೇರಿಕೊಂಡಿರುವ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಗೆಳೆಯರು ಫೋನ್ ಮಾಡಿದಾಗೆಲ್ಲ ‘ಹೇಗೆ ಮಾಡಿದ್ರಿ’ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಾರ್ಥನೆ ಯಾಕೆ ಬೇಕು, ಸಹವಾಸ ಯಾಕೆ ಬೇಕು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ.

ನಾವು ಮಂಗಳೂರು ಕಡೆಯವರು. ಗಂಡನ ಕೆಲಸದ ದೆಸೆಯಿಂದ ಹ್ಯೂಸ್ಟನ್‌ಗೆ ಬಂದೆವು. ಸೆಕೆ, ಬೆವರು, ಸೊಳ್ಳೆ, ಸುರಿಯಲು ಶುರುವಾದರೆ ನಿಲ್ಲದ ಮಳೆ, ಏನೂ ಹೊಸದಲ್ಲ. ಸಭೆಯೂ ಅಷ್ಟು ಹೊಸದೆನಿಸಲಿಲ್ಲ. ಸಿಎಸ್‌ಐ ಆಂಗ್ಲಿಕನ್ ಕುಟುಂಬದ್ದೇ ಆದ್ದರಿಂದ ಊರಿನ ಅಯ್ಯನವರು (ಪಾದ್ರಿ) ಕೊಟ್ಟ ಒಂದು ಪತ್ರ ಸಾಕಾಯಿತು. ಮೊದಲ ಭಾನುವಾರ ಆರಾಧನೆಯ ನಡುವೆ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕೈಕುಲುಕಿ ‘ಸಮಾಧಾನವಿರಲಿ’ ಅಂತ ಹೇಳಿಕೊಂಡಾಗ ನನಗೆ ನಗು ಬಂತು. ಸಿಎಸ್‌ಐ 1950ರ ಆರಾಧನಾ ಕ್ರಮದಲ್ಲೇ ಇದನ್ನು ಮತ್ತೆ ತಂದಿತ್ತು. ಇವರ ಪ್ರಾರ್ಥನಾ ಪುಸ್ತಕಕ್ಕೆ ಅದು ಬಂದದ್ದು 1979ರಲ್ಲಿ. ಇದನ್ನು ಇಲ್ಲಿ ಎಷ್ಟು ಜನರಿಗೆ ಹೇಳಿದ್ದೇನೆ ಅಂದರೆ, ಈಗ ನಾನು ಬಾಯಿ ತೆರೆದರೆ ಅವರೇ ವಾಕ್ಯ ಮುಗಿಸುತ್ತಾರೆ.

ಟೆಕ್ಸಸ್ ಡಯಾಸಿಸ್ (ಒಬ್ಬ ಬಿಷಪ್ಪರ ಕೆಳಗಿನ ಸಭೆಗಳ ಪ್ರಾಂತ) ಬಹಳ ದೊಡ್ಡದು. 1849ರಲ್ಲಿ ಶುರುವಾದದ್ದು. ಹಳ್ಳಿಯ ಕಡೆ ಭಾನುವಾರ ಇಪ್ಪತ್ತು ಜನ ಸೇರುವ ಸಭೆಗಳಿವೆ, ಹ್ಯೂಸ್ಟನ್‌ನಲ್ಲಿ ಸಾವಿರಗಟ್ಟಲೆ ಸದಸ್ಯರಿರುವವೂ ಇವೆ. ನಮ್ಮದು ನಡುವಿನದು. ಭಾನುವಾರಕ್ಕೆ ನೂರೈವತ್ತು ಜನ, ಈಸ್ಟರ್‌ಗೆ ಕಾರ್ ನಿಲ್ಲಿಸಲು ಜಾಗ ಇರುವುದಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದು ಊರೆಲ್ಲ ನೀರಾಯಿತು. ಆಗ ಗುಂಪು ಗುಂಪಾಗಿ ಹೋಗಿ ಒಬ್ಬರ ಮನೆಯ ಒದ್ದೆ ಗೋಡೆ ಇನ್ನೊಬ್ಬರು ಒಡೆದು ಹೊರಗೆ ಹಾಕಿದೆವು. ಮರುವರ್ಷ ಅದೇ ಜನ ಆರಾಧನೆ ಮುಗಿದ ಮೇಲಿನ ಕಾಫಿ ಅವರ್‌ನಲ್ಲಿ ಎದೆಯ ಮೇಲಿನ ಹೆಸರಿನ ಚೀಟಿ ಓದಿ ಮಾತಾಡಿಸುತ್ತಿದ್ದರು. ನನಗೆ ಚುಚ್ಚಿದ್ದು ಅದು.

ಈಗ ನನ್ನ ಸೋಲುಗಳು. ಮೊದಲನೆಯದು ಪುಸ್ತಕ ಓದುವ ಗುಂಪು. ಮಂಗಳವಾರ ಸಂಜೆ, ಚರ್ಚ್ ಹಾಲ್. ಹದಿನಾಲ್ಕು ಪ್ರತಿ ತರಿಸಿದೆ, ಒಟ್ಟು 240 ಡಾಲರ್ ಹತ್ತಿರ, ನನ್ನ ಕೈಯಿಂದಲೇ. ಮೊದಲ ವಾರ ಹನ್ನೊಂದು ಜನ. ನಾಲ್ಕನೇ ವಾರ ಮೂವರು: ನಾನು, ರೆಕ್ಟರ್ (ನಮ್ಮ ಸಭೆಯ ಪಾದ್ರಿ), ಇನ್ನೊಬ್ಬರು ದಿನ ತಪ್ಪಿ ಬಂದವರು. ಪುಸ್ತಕಗಳು ಈಗಲೂ ನಮ್ಮ ಗ್ಯಾರೇಜಿನಲ್ಲಿವೆ. ಬೇಕಾದರೆ ಹೇಳಿ.

ಎರಡನೆಯದು ಲೆಂಟ್ ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಸೂಪ್ ಊಟ. ಐದು ಬುಧವಾರ. ಜನ ಬಂದರು, ಅದಕ್ಕೇನೂ ಕೊರತೆಯಿಲ್ಲ, ನಲವತ್ತರ ಮೇಲೆ. ಆದರೆ ಯಾವ ಮೇಜಿನವರು ಆ ಮೇಜಿನಲ್ಲೇ. ಸೂಪ್ ಕುಡಿದರು, ಚೆನ್ನಾಗಿದೆ ಅಂದರು, ಹೋದರು. ಸುಮಾರು 600 ಡಾಲರ್ ಖರ್ಚಾಯಿತು. ಅರ್ಧ ಸಭೆ ಕೊಟ್ಟಿತು, ಅರ್ಧ ನಾನು. ಮೂರನೆಯದು ಕ್ಯಾಂಪ್ ಆ್ಯಲನ್. ನವಸೋಟ ಹತ್ತಿರ ಪೈನ್ ಕಾಡಿನಲ್ಲಿ ಡಯಾಸಿಸ್ ನಡೆಸುವ ರಿಟ್ರೀಟ್ ಜಾಗ ಅದು, ತುಂಬಾ ಚಂದ. ಇಪ್ಪತ್ತು ಜನ ಎರಡು ರಾತ್ರಿ ಇದ್ದು ಬಂದೆವು. ಹೊರಡುವಾಗ ತಬ್ಬಿಕೊಂಡು ಅತ್ತವರಿದ್ದರು. ಹತ್ತು ದಿನದಲ್ಲಿ ಆ ಬಿಸಿ ಆರಿತು. ಕ್ಯಾಂಪ್ ಆ್ಯಲನ್‌ದೇನೂ ತಪ್ಪಿಲ್ಲ. ಬೆಟ್ಟದ ಮೇಲೆ ಹತ್ತಿಸಿದ ದೀಪ ಮನೆಗೆ ತರುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ.

ಆ ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಫೋನಿನಲ್ಲಿದ್ದೆ. ‘ಇವತ್ತು ನಮ್ಮಲ್ಲಿ ಮನೆ ಪ್ರಾರ್ಥನೆ, ಇಡು’ ಅಂದರು. ಇಟ್ಟೆ. ಇಟ್ಟ ಮೇಲೆ ಹೊಳೆಯಿತು.

ನಿಜ ಹೇಳಬೇಕೆಂದರೆ ಚಿಕ್ಕವಳಿದ್ದಾಗ ನನಗೆ ಮನೆ ಪ್ರಾರ್ಥನೆ ಅಂದರೆ ಆಗುತ್ತಿರಲಿಲ್ಲ. ಅಯ್ಯನವರ ಪ್ರಾರ್ಥನೆ ಮುಗಿಯುತ್ತಿರಲಿಲ್ಲ. ಒಳಗಿನಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಕಣ್ಣು ಬಿಟ್ಟರೆ ಅಜ್ಜಿ ಚಿವುಟುತ್ತಿದ್ದರು. ಆದರೆ ಆ ಬೀದಿಯಲ್ಲಿ ಯಾರ ಮನೆಯ ಗೋಡೆಗೆ ಯಾವ ಬಣ್ಣ, ಯಾರ ಅಜ್ಜನಿಗೆ ಕೆಮ್ಮು, ಎಲ್ಲ ನನಗೆ ಗೊತ್ತಿತ್ತು. ಹಾಗಾದರೆ ಉದ್ದ ಕತ್ತರಿಸಿ ಉಳಿದದ್ದು ಇಟ್ಟುಕೊಂಡರೆ?

ಕತ್ತರಿಸಲು ಬೇಕಾದದ್ದು ಎಪಿಸ್ಕೋಪಲ್‌ನವರ ಪ್ರಾರ್ಥನಾ ಪುಸ್ತಕದಲ್ಲೇ ಇತ್ತು. 127ನೇ ಪುಟ, ಕಾಂಪ್ಲಿನ್. ಮಲಗುವ ಮೊದಲಿನ ಪ್ರಾರ್ಥನೆ. ಒಂದೆರಡು ಕೀರ್ತನೆ, ನಾಲ್ಕು ಸಾಲು ವಾಕ್ಯ, ಕರ್ತನ ಪ್ರಾರ್ಥನೆ, ಸಿಮೆಯೋನನ ಹಾಡು. ಪಾದ್ರಿ ಬೇಕಿಲ್ಲ, ಯಾರು ಬೇಕಾದರೂ ನಡೆಸಬಹುದು. ಬೈಬಲ್ ಜ್ಞಾನದ ಪ್ರದರ್ಶನಕ್ಕೆ ಅಲ್ಲಿ ಜಾಗವೇ ಇಲ್ಲ. ನಿಧಾನವಾಗಿ ಓದಿದರೂ ಹದಿನೈದು ನಿಮಿಷ. ನಡುವೆ ಹತ್ತು ನಿಮಿಷ ನಮ್ಮ ನಮ್ಮ ಬೇಡಿಕೆ. ಇಪ್ಪತ್ತೈದಕ್ಕೆ ಅಡುಗೆಮನೆಯ ಟೈಮರ್ ಹೊಡೆಯುತ್ತದೆ. ಹೊಡೆದ ಮೇಲೆ ಯಾರೂ ಪ್ರಾರ್ಥಿಸುವ ಹಾಗಿಲ್ಲ, ರೆಕ್ಟರ್ ಕೂಡ.

ವೆಸ್ಟ್ರಿಯಲ್ಲಿ ಹೇಳಿದಾಗ ಮುಖ ನೋಡಬೇಕಿತ್ತು. ‘ಟೆಕ್ಸಸ್‌ನವರು ಮನೆಗೆ ಕರೆಯುತ್ತಾರೆ, ಆದರೆ ಒಂದು ತಿಂಗಳು ಮೊದಲು ಹೇಳಿ ಮನೆ ಗುಡಿಸಿಟ್ಟು’ ಅಂದರು ರೆಕ್ಟರ್. ಇನ್ನೊಬ್ಬರು ಇನ್ಶೂರೆನ್ಸ್ ಎತ್ತಿದರು. ಮಕ್ಕಳ ಸುರಕ್ಷತೆಯ ತರಬೇತಿ ಆದವರು ಇಬ್ಬರಾದರೂ ಇರಬೇಕು ಅಂದರು, ಅದು ಸರಿಯೇ, ಆರು ಜನ ಮಾಡಿಸಿಕೊಂಡೆವು. ಖಜಾಂಚಿ ಆರು ವಾರ ಅಂದದ್ದು ಆಗಲೇ. ಬಜೆಟ್ ಎಷ್ಟು ಅಂತಲೂ ಕೇಳಿದರು. ಸೊನ್ನೆ ಅಂದೆ. ಆಗ ಸುಮ್ನಾದರು.

ಮೊದಲ ಮನೆಗೆ ಒಂಬತ್ತು ಜನ ಬಂದರು. ಎರಡನೇ ಮನೆಯಲ್ಲೇ ಎಡವಿದೆವು. ಆ ಮನೆಯವರು ಎರಡು ದಿನ ರಜೆ ಹಾಕಿ ಮನೆ ತೊಳೆದು ಐದು ಬಗೆ ಮಾಡಿಟ್ಟಿದ್ದರು. ಮೂರನೇ ಮನೆಯವರು ಅದನ್ನು ನೋಡಿ ಹೆದರಿ ‘ನಮಗೆ ಆಗಲ್ಲ’ ಅಂತ ಮೆಸೇಜ್ ಹಾಕಿದರು. ಊರಲ್ಲೂ ಹೀಗೇ ಅಲ್ವಾ, ಒಬ್ಬರು ಕೇಸರಿಬಾತ್ ಮಾಡಿದರೆ ಮುಂದಿನವರು ಬಿರಿಯಾನಿ ಮಾಡಲೇಬೇಕು. ಅವತ್ತೇ ಕಾನೂನು ತಂದೆ. ಒಂದೇ ಅಡುಗೆ. ಎರಡನೆಯದಕ್ಕೆ ಐದು ಡಾಲರ್ ದಂಡ. ಮನೆ ಗುಡಿಸಿದ್ದು ಗೊತ್ತಾದರೆ ಇನ್ನೈದು.

ದಂಡ ಹೋಗುವುದು ನೀಲಿ ಡಬ್ಬಿಗೆ. ಇಲ್ಲಿಯವರಿಗೆ ಗೊತ್ತು, ಯುನೈಟೆಡ್ ಥ್ಯಾಂಕ್ ಆಫರಿಂಗ್ ಅಂತ, 1889ರಿಂದ ಹೆಂಗಸರು ನಡೆಸಿಕೊಂಡು ಬಂದದ್ದು. ಮನೆಯಲ್ಲಿ ಏನಾದರೂ ಒಳ್ಳೆಯದಾದಾಗ ನಾಣ್ಯ ಹಾಕುವುದು. ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ದೇವರಿಗೆ ಅಂತ ಎತ್ತಿಡುತ್ತೇವಲ್ಲ, ಆ ನಮ್ಮ ಹಿಡಿ ಅಕ್ಕಿಯ ಅಕ್ಕ ಅನ್ನಿ. ನಮ್ಮ ಸಭೆಯಲ್ಲಿ ಆ ಡಬ್ಬಿಗಳು ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದಿದ್ದವು. ಮೊದಲ ವರ್ಷವೇ 400 ಡಾಲರ್ ಮೇಲೆ ಬಂತು. ಅದರಲ್ಲಿ ಕಾಲುಭಾಗ ಲೂಸಿಯಾನದ ಒಬ್ಬ ಅಮ್ಮನದೇ. ಗಂಬೊ (ಅವರ ಕಡೆಯ ಗಟ್ಟಿ ಸಾರು), ಅದರ ಜೊತೆ ಅನ್ನ, ಆಮೇಲೆ ಬ್ರೆಡ್ ಪುಡಿಂಗ್. ಇದೆಲ್ಲ ಸೇರಿ ಒಂದೇ ಅಡುಗೆ ಅಂತ ಅವರ ವಾದ.

ಮೊದಲ ಮನೆ ಯಾವುದು ಅಂತ ಆರಿಸುವುದರಲ್ಲಿ ಒಂದು ಗುಟ್ಟಿದೆ. ಪೂರ್ತಿ ಹೇಳುವುದಿಲ್ಲ. ಇಷ್ಟು ಮಾತ್ರ: ಸಭೆಯಲ್ಲೇ ದೊಡ್ಡ ಮನೆ ಇರುವವರಿಂದ ಶುರು ಮಾಡಬೇಡಿ. ಬಾಯಿ ಬಿಟ್ಟು ಪ್ರಾರ್ಥಿಸದವರನ್ನು ಪ್ರಾರ್ಥಿಸುವ ಹಾಗೆ ಮಾಡಿದ್ದೂ ಒಂದು ಉಪಾಯದಿಂದಲೇ. ಎಪಿಸ್ಕೋಪಲ್‌ನವರು ಪುಸ್ತಕ ಕೊಟ್ಟರೆ ಗಟ್ಟಿಯಾಗಿ ಓದುತ್ತಾರೆ. ಪುಸ್ತಕ ಮುಚ್ಚಿ ಅಂದರೆ ನೆಲ ನೋಡುತ್ತಾರೆ. ತೈಲ ಕಂಪನಿಯ ಒಬ್ಬ ಎಂಜಿನಿಯರ್ ನಾಲ್ಕು ತಿಂಗಳು ನೆಲವನ್ನೇ ನೋಡಿದರು. ಐದನೇ ತಿಂಗಳು ಮಗಳ ಹೆಸರು ಮಾತ್ರ ಹೇಳಿದರು. ಈಗ ಅವರನ್ನು ನಿಲ್ಲಿಸಲು ಟೈಮರ್ ಬೇಕು. ಅವರಿಗೆ ನಾನು ಏನು ಕೈಗೆ ಕೊಟ್ಟೆ ಅನ್ನುವುದನ್ನು ಎದುರಿಗೆ ಸಿಕ್ಕಾಗ ಕೇಳಿ, ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಮನೆಗಳು ಮುಚ್ಚಿದವು. ಜೂಮ್‌ಗೆ ಹೋದೆವು. ಎಲ್ಲರೂ ಒಟ್ಟಿಗೆ ಓದಲು ಹೋಗಿ ಮೀನು ಮಾರ್ಕೆಟ್ ಆಯಿತು. ಒಬ್ಬರ ದನಿ ಬಿಟ್ಟು ಉಳಿದೆಲ್ಲ ಮ್ಯೂಟ್ ಮಾಡಿದ ಮೇಲೆ ಸರಿಹೋಯಿತು. ವಾರಕ್ಕೊಂದು ದಿನ ಇದ್ದದ್ದು ದಿನವೂ ಆಯಿತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರು ಕಾರ್ ಪಾರ್ಕಿಂಗ್‌ನಿಂದ ಸೇರಿಕೊಳ್ಳುತ್ತಿದ್ದರು. ಕಾಂಪ್ಲಿನ್‌ನ ಕೊನೆಯಲ್ಲಿ ಈ ರಾತ್ರಿ ದುಡಿಯುವವರ, ಎಚ್ಚರವಿರುವವರ, ಅಳುವವರ ಜೊತೆ ಇರು ಅಂತ ಬೇಡುವ ಒಂದು ಪ್ರಾರ್ಥನೆ ಇದೆ. ಅದು ಮುಗಿದದ್ದೇ ಅವರು ಮಾಸ್ಕ್ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ನಾವು ಖಾಲಿ ಕಾರಿನ ಸೀಟು ನೋಡುತ್ತಾ ಕೂತಿರುತ್ತಿದ್ದೆವು. ಅದಕ್ಕಿಂತ ಮುಂಚೆ ಆ ಪ್ರಾರ್ಥನೆಯನ್ನು ನಾನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದೆ, ಅಷ್ಟೇ.

ಅದೇ ವರ್ಷ ನವೆಂಬರ್ ಚುನಾವಣೆಯ ವಾರ ಒಬ್ಬರು ತಮ್ಮ ಪಕ್ಷದ ಪರವಾಗಿ ಪ್ರಾರ್ಥಿಸಿದರು. ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಪ್ರಾರ್ಥಿಸಿದರು. ದೇವರಿಗೆ ಏನು ಮಾಡಬೇಕೋ ತಿಳಿಯದ ಸ್ಥಿತಿ. ಎರಡು ಮನೆ ಬಿಟ್ಟುಹೋದವು. ಒಂದು ವಾಪಸ್ ಬಂತು, ಒಂದು ಬರಲಿಲ್ಲ. ನಾನು ಅವತ್ತೇ ಫೋನ್ ಮಾಡಬೇಕಿತ್ತು, ಮಾಡಲಿಲ್ಲ.

2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿತು. ಕರೆಂಟ್ ಇಲ್ಲ, ನಲ್ಲಿ ಒಡೆದು ನೀರಿಲ್ಲ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಯಾರ ಮನೆಯಲ್ಲಿ ಗ್ಯಾಸ್ ಒಲೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಎಲ್ಲರೂ ಆ ಅಡುಗೆಮನೆಯಲ್ಲಿ ನಿಂತಿದ್ದವರೇ. ನಾಲ್ಕು ಕುಟುಂಬ ಮೂರು ರಾತ್ರಿ ಅಲ್ಲೇ ಮಲಗಿದವು. ಟಾರ್ಚ್ ಬೆಳಕಿನಲ್ಲಿ 127ನೇ ಪುಟ. ನಾನು ಮಾಡಿದ ರಸಂ ಪಾತ್ರೆಗಟ್ಟಲೆ ಖಾಲಿಯಾಯಿತು. ದಂಡ ಹಾಕಲಿಲ್ಲ.

ಇದರ ಮಧ್ಯೆ ಒಂದು ಅಡ್ಡ ಪ್ರಯೋಗ ಹೇಳಲೇಬೇಕು, ಬೆಳೆ ಹಬ್ಬದ ಏಲಂ. ಕುಂಬಳಕಾಯಿಯನ್ನು ಏಲಂ ಕೂಗಿ, ಗೆದ್ದವರು ಅದನ್ನು ವಾಪಸ್ ಕೊಟ್ಟು, ಮತ್ತೆ ಕೂಗುವ ನಮ್ಮ ಪದ್ಧತಿ ವಿವರಿಸಿದಾಗ ಇಲ್ಲಿಯವರಿಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದೆ. ಹ್ಯೂಸ್ಟನ್ ರೋಡಿಯೋದಲ್ಲಿ ಒಂದು ಹೋರಿಗೆ ಲಕ್ಷಗಟ್ಟಲೆ ಡಾಲರ್ ಕೂಗುವ ಜನ ಇವರು! ನಾನು ಮರೆತೇಬಿಟ್ಟಿದ್ದೆ. ದನದ ಏಲಂ ಕೂಗಿ ಅಭ್ಯಾಸವಿದ್ದ ಒಬ್ಬ ತಾತ ಎದ್ದು ನಿಂತು ಶುರು ಮಾಡಿದರು ನೋಡಿ, ಉಸಿರು ತೆಗೆಯುವುದೇ ಇಲ್ಲ. ಆರು ಡಾಲರ್‌ನ ಕುಂಬಳಕಾಯಿ ನಾಲ್ಕು ಕೈ ಬದಲಿಸಿ 500 ದಾಟಿತು. ನಾನು ಬೆಳೆಸಿದ ಎರಡು ಬದನೆಕಾಯಿಗೆ 85. ಮೊದಲ ಸಲವೇ ಒಟ್ಟು 3,000ದ ಆಸುಪಾಸು ಬಂತು. ಆಮೇಲೆ ಹಾಡು. ಬಾಸೆಲ್ ಮಿಷನ್‌ನವರು ಊರಿಗೆ ತಂದ ಜರ್ಮನ್ ರಾಗಗಳು ಇವರ ಹಾಡಿನ ಪುಸ್ತಕದಲ್ಲೂ ಇವೆ. ನಾವು ಮೂರು ಮನೆಯವರು ಕನ್ನಡದಲ್ಲಿ, ಉಳಿದವರು ಇಂಗ್ಲಿಷ್‌ನಲ್ಲಿ, ಒಂದೇ ರಾಗ. ಆರ್ಗನ್ ನುಡಿಸುವವರು ನಮ್ಮ ಎಳೆತಕ್ಕೆ ಕಾದು ಕಾದು ಸುಸ್ತಾದರು.

ಖಜಾಂಚಿಗೆ ಇಷ್ಟವಾಗುವ ಲೆಕ್ಕವೂ ಇದೆ. ಶುರುವಿನಲ್ಲಿ ಸೇರಿದ ಹನ್ನೊಂದು ಮನೆಗಳಲ್ಲಿ ವರ್ಷದ ಪ್ಲೆಡ್ಜ್ ಕಾರ್ಡ್ (ಸಭೆಗೆ ಇಷ್ಟು ಕೊಡುತ್ತೇನೆ ಅಂತ ಬರೆದುಕೊಡುವ ಚೀಟಿ) ತುಂಬುತ್ತಿದ್ದವರು ನಾಲ್ಕೋ ಐದೋ. ಮೂರನೇ ವರ್ಷ ಒಂಬತ್ತು. ನಾನು ಪ್ರಾರ್ಥನೆಯಲ್ಲಿ ಒಂದು ಸಲವೂ ಪ್ಲೆಡ್ಜ್ ಮಾತೆತ್ತಿಲ್ಲ. ಇಬ್ಬರು ನಾಲ್ಕು ವರ್ಷದ ಇಎಫ್‌ಎಂ (ಎಜುಕೇಶನ್ ಫಾರ್ ಮಿನಿಸ್ಟ್ರಿ) ಓದಿಗೆ ಸೇರಿದ್ದಾರೆ. ಒಬ್ಬರು ಡೀಕನ್ (ಸಭಾಸೇವಕ) ಆಗುವ ಯೋಚನೆಯಲ್ಲಿದ್ದಾರೆ.

ಆದರೆ ನನಗೆ ನೆನಪಿರುವುದು ಬೇರೆ. ನಮ್ಮಲ್ಲಿ ಒಬ್ಬರ ಹೆಂಡತಿ ತೀರಿಕೊಂಡರು. ಮೂರು ವಾರ ಕಳೆದಿರಲಿಲ್ಲ, ‘ಬುಧವಾರ ನಮ್ಮ ಮನೆ ಸರದಿ’ ಅಂತ ಅವರೇ ಮೆಸೇಜ್ ಹಾಕಿದರು. ಬೇಡ ಅನ್ನಲು ನಮಗೆ ಧೈರ್ಯ ಬರಲಿಲ್ಲ. ಹೋದೆವು. ಅಡುಗೆ ಬಾರದ ಮನುಷ್ಯ, ಟೋಸ್ಟ್ ಮಾಡಿ ಬೆಣ್ಣೆ ಸವರಿ ದೊಡ್ಡ ತಟ್ಟೆಯಲ್ಲಿ ಜೋಡಿಸಿಟ್ಟಿದ್ದರು. ಮನೆ ಗುಡಿಸಿರಲಿಲ್ಲ. ನಾಲ್ಕನೇ ಕೀರ್ತನೆಯ ಕೊನೆಯಲ್ಲಿ ನೆಮ್ಮದಿಯಿಂದ ಮಲಗುವ ಮಾತು ಬರುತ್ತದಲ್ಲ, ಅದನ್ನು ಅವರೇ ಓದಿದರು. ಟೈಮರ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಟೋಸ್ಟ್ ಅಷ್ಟೂ ತಿಂದೆವು.

ಬೇಸಿಗೆಯ ತೊಂದರೆ ಮಾತ್ರ ಇನ್ನೂ ಬಗೆಹರಿದಿಲ್ಲ. ಜೂನ್ ಬಂದರೆ ಅರ್ಧ ಜನ ಊರಲ್ಲಿರುವುದಿಲ್ಲ. ಒಂದು ವರ್ಷ ಪೂಲ್ ಪಕ್ಕ ಕೂತು ನೋಡಿದೆವು. ಸೊಳ್ಳೆಗಳಿಗೆ ಸಮಾರಾಧನೆಯಾಯಿತು. ವಾಟ್ಸ್‌ಆ್ಯಪ್‌ನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದೆ, ಎಷ್ಟು ಜನ ಕೇಳಿದರೋ ದೇವರಿಗೇ ಗೊತ್ತು. ಈ ಸಲ ಜುಲೈನಲ್ಲಿ ಬೆಳಿಗ್ಗೆ ಆರೂವರೆಗೆ, ಪಾರ್ಕಿನಲ್ಲಿ ನಡೆಯುತ್ತಾ ಪ್ರಾರ್ಥಿಸೋಣ ಅಂತ ಇದೆ. ಒಂದೇ ಅಡುಗೆಗೆ ಬದಲು ಫ್ಲಾಸ್ಕಿನಲ್ಲಿ ಕಾಫಿ. ಎರಡು ವಾರ ನಡೆದರೆ ಹೆಚ್ಚು ಅಂತ ಖಜಾಂಚಿ ಹೇಳಿ ಆಗಿದೆ.