ಹತ್ತಿ ಎಲೆ, ಕೆಂಪು ಗೆರೆ: ಕುಲಾಂತರಿ ಮತ್ತು ನ್ಯಾನೊ ಪಾಠವನ್ನು ನಾನು ಮಾಡಿಸುವ ಬಗೆ

ನಾನು ಗದಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹೊಲಮನೆ ಇರುವವರು. ಹತ್ತಿ ಬೀಜದ ಪಾಕೀಟಿನ ಮೇಲೆ ‘ಬಿಟಿ’ ಅಂತ ಓದಿರುತ್ತಾರೆ. ಗೊಬ್ಬರದ ಅಂಗಡಿಯ ಬಾಟಲಿ ಮೇಲೆ ‘ನ್ಯಾನೊ’ ಅಂತ ಓದಿರುತ್ತಾರೆ. ಎರಡರ ಬಗ್ಗೆಯೂ ಊರ ಕಟ್ಟೆಯ ಮೇಲೆ ಜೋರು ವಾದ ನಡೆಯುತ್ತದೆ. ಆದರೆ ಬಿಟಿ ಗಿಡದಲ್ಲಿ ಬದಲಾಗಿದ್ದೇನು, ನ್ಯಾನೊ ಅಂದರೆ ಎಷ್ಟು ಸಣ್ಣದು ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಪಠ್ಯದ ಸಾಲು ಓದಿಸಿ ಇದನ್ನು ಕಲಿಸಲು ನನಗೆ ಮನಸ್ಸಾಗಲಿಲ್ಲ. ಕೈಯಿಂದ ಮಾಡಿಸಿಯೇ ಕಲಿಸಬೇಕು ಅಂತ ಹಠ ಹಿಡಿದೆ.

ಮೊದಲು ಮೇಜಿನ ಮೇಲೆ ನಾಲ್ಕು ವಸ್ತು ಇಡುತ್ತೇನೆ: ಹೈಬ್ರಿಡ್ ಟೊಮೆಟೊ, ಬೀಜವಿಲ್ಲದ ದ್ರಾಕ್ಷಿ, ಹತ್ತಿ ಎಲೆ, ಇನ್ಸುಲಿನ್‌ನ ಖಾಲಿ ಶೀಶೆ. ಇದರಲ್ಲಿ ಕುಲಾಂತರಿಗೆ, ಅಂದರೆ ಬೇರೆ ಜೀವಿಯ ಜೀನ್ (ವಂಶವಾಹಿ) ಸೇರಿಸುವುದಕ್ಕೆ, ಸಂಬಂಧಪಟ್ಟದ್ದು ಯಾವುದು ಅಂತ ಕೇಳುತ್ತೇನೆ. ಬಹುತೇಕ ಎಲ್ಲರ ಬೆರಳು ಟೊಮೆಟೊ ಮತ್ತು ದ್ರಾಕ್ಷಿಯ ಕಡೆ ಹೋಗುತ್ತದೆ. ಎರಡೂ ಅಲ್ಲ. ಹೈಬ್ರಿಡ್ ಅಂದರೆ ಎರಡು ತಳಿಗಳನ್ನು ಹೂವಿನ ಮಟ್ಟದಲ್ಲಿ ಕೂಡಿಸಿದ್ದು. 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ ನಮ್ಮ ಪಕ್ಕದ ಧಾರವಾಡದ್ದೇ. ಡಾ. ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಅದನ್ನು ಬೆಳೆಸಿದರು. ಅದು ಹೈಬ್ರಿಡ್, ಕುಲಾಂತರಿ ಅಲ್ಲ. ಬಿಟಿ ಹತ್ತಿಯಲ್ಲಿ ಆಗಿದ್ದು ಬೇರೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಇದರ ಚಿಕ್ಕ ಹೆಸರೇ ಬಿಟಿ) ಎಂಬ ಬ್ಯಾಕ್ಟೀರಿಯಾದ ಒಂದು ಜೀನ್ ಹತ್ತಿಯ ಡಿಎನ್‌ಎ ಒಳಗೆ ಸೇರಿದೆ. ಅದರಿಂದ ಕಾಯಿಕೊರಕ ಹುಳವನ್ನು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುತ್ತದೆ. ಆ ಜೀನ್ ಮೊದಲು ಸೇರಿದ್ದು ‘ಕೋಕರ್ 312’ ಎಂಬ ಅಮೆರಿಕದ ತಳಿಗೆ. ಅಲ್ಲಿಂದ ಮಾಮೂಲಿ ಸಂಕರದ ದಾರಿಯಲ್ಲೇ ನಮ್ಮ ತಳಿಗಳಿಗೆ ಬಂತು. ನಮ್ಮ ದೇಶದಲ್ಲಿ ಬಿತ್ತಲು ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚಿನಲ್ಲಿ.

ಇನ್ಸುಲಿನ್ ಕಥೆ ಕೇಳಿದಾಗ ಮಕ್ಕಳ ಮುಖ ಅರಳುತ್ತದೆ. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಒಳಗಿಟ್ಟು ಔಷಧ ತಯಾರಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿಯೇ ಅದನ್ನು ಮಾಡುತ್ತದೆ. ‘ಅಂದ್ರೆ ನಮ್ಮ ಅಜ್ಜಿ ದಿನಾ ತಗೊಳ್ಳೋದು ಇದೇ ಏನ್ರಿ ಸರ್?’ ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ.

ಮುಂದಿನದು ನನಗೆ ಬಲು ಇಷ್ಟದ ಭಾಗ. ಬಿಟಿ ಗಿಡವನ್ನು ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ. ಅದಕ್ಕೆ ಪರೀಕ್ಷಾ ಪಟ್ಟಿ ಬೇಕು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು ಇಂಥ ಕಿಟ್ ರೂಪಿಸಿದ್ದಾರೆ, ಬೇರೆ ಕಂಪನಿಗಳದ್ದೂ ಸಿಗುತ್ತದೆ. ಹತ್ತಿಯ ಎಲೆಯ ಚೂರನ್ನು ಸಣ್ಣ ಟ್ಯೂಬಿನೊಳಗೆ ಹಾಕಿ, ಕಿಟ್ ಜೊತೆ ಬರುವ ದ್ರಾವಣದಲ್ಲಿ ಅರೆಯಬೇಕು. ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ ಕೆಲವು ನಿಮಿಷ ಕಾಯಬೇಕು. ಎರಡು ಗೆರೆ ಬಂದರೆ ಬಿಟಿ ಪ್ರೋಟೀನ್ ಇದೆ. ಒಂದೇ ಗೆರೆ ಬಂದರೆ ಇಲ್ಲ. ಹೋಲಿಕೆಗೆ ನಾನು ಜಯಧರ್ ಎಲೆ ತರಿಸುತ್ತೇನೆ. ಈ ದೇಸಿ ಹತ್ತಿ ನಮ್ಮ ಕಡೆಯ ಎರೆಹೊಲಗಳಲ್ಲಿ ಈಗಲೂ ಸಿಗುತ್ತದೆ, ಅದರಲ್ಲಿ ಬಿಟಿ ಜೀನ್ ಇಲ್ಲ. ಪ್ರತಿ ತಂಡವೂ ಎರಡೂ ಎಲೆಗಳನ್ನು ಪರೀಕ್ಷಿಸಲೇಬೇಕು. ‘ಇಲ್ಲ’ ಅನ್ನುವ ಉತ್ತರ ಹೇಗೆ ಕಾಣುತ್ತದೆ ಅಂತ ಗೊತ್ತಿಲ್ಲದೆ ‘ಇದೆ’ ಅನ್ನುವುದನ್ನು ನಂಬುವುದು ಹೇಗೆ?

ಗೆರೆ ಮೂಡಿದ ಮೇಲೆ ನಾನು ಕೇಳುತ್ತೇನೆ: ಈ ಗೆರೆ ಕೆಂಪು ಯಾಕೆ? ಯಾರಿಗೂ ಹೊಳೆಯುವುದಿಲ್ಲ. ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ಚಿನ್ನದ ನ್ಯಾನೊ ಕಣಗಳು. ಹೌದು, ಚಿನ್ನವೇ! ಇಪ್ಪತ್ತು–ಮೂವತ್ತು ನ್ಯಾನೊಮೀಟರ್ ಗಾತ್ರಕ್ಕೆ ಇಳಿದಾಗ ಚಿನ್ನ ಹಳದಿಯಾಗಿ ಹೊಳೆಯುವುದಿಲ್ಲ, ಕೆಂಪಾಗುತ್ತದೆ. ಆ ಕಣಗಳಿಗೆ ಬಿಟಿ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಬಿಟಿ ಪ್ರೋಟೀನ್ ಸಿಕ್ಕರೆ ಅವು ಅದನ್ನು ಹಿಡಿದುಕೊಂಡು ಮೇಲೇರಿ, ಗೆರೆಯ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಗರ್ಭಪರೀಕ್ಷೆಯ ಪಟ್ಟಿ, ಕೊರೊನಾ ಕಾಲದ ರ‍್ಯಾಪಿಡ್ ಕಿಟ್ ಎಲ್ಲ ಕೆಲಸ ಮಾಡುವುದು ಹೀಗೇ. ಕುಲಾಂತರಿ ಮತ್ತು ನ್ಯಾನೊ, ಎರಡೂ ಪಾಠ ಬೆರಳಗಲದ ಒಂದೇ ಪಟ್ಟಿಯಲ್ಲಿವೆ. ಇದು ಗೊತ್ತಾದ ಮೇಲೆಯೇ ನಾನು ಎರಡನ್ನೂ ಕೂಡಿಸಿ ಕಲಿಸತೊಡಗಿದ್ದು.

ಅಳತೆಯನ್ನು ಅಲ್ಲೇ ಹೇಳಿಬಿಡುತ್ತೇನೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಡಿಎನ್‌ಎ ಎಳೆಯ ಅಗಲ 2 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100ರ ನಡುವಿನದ್ದನ್ನು ನ್ಯಾನೊ ಅನ್ನುತ್ತಾರೆ. ಸಣ್ಣದಾಗಿರುವುದಷ್ಟೇ ಮುಖ್ಯವಲ್ಲ. ಆ ಗಾತ್ರಕ್ಕೆ ಬಂದಾಗ ವಸ್ತುವಿನ ಗುಣವೇ ಬದಲಾಗುವುದು ಮುಖ್ಯ. ಚಿನ್ನದ ಬಣ್ಣ ಅದಕ್ಕೆ ಸಾಕ್ಷಿ.

ಹೊಲದವರ ಮಕ್ಕಳು ಇಷ್ಟಕ್ಕೇ ಬಿಡುವುದಿಲ್ಲ. ‘ಬಿಟಿ ಇದ್ದರೂ ಹುಳ ಬಿತ್ತಲ್ರಿ?’ ನ್ಯಾಯವಾದ ಪ್ರಶ್ನೆ. ಹುಳ ಬಿದ್ದ ಗಿಡದ ಎಲೆಯನ್ನೇ ತನ್ನಿ ಅನ್ನುತ್ತೇನೆ. ಪರೀಕ್ಷಿಸಿದರೆ ಎರಡು ಗೆರೆ! ಪ್ರೋಟೀನ್ ಇದೆ, ಹುಳ ಸಾಯುತ್ತಿಲ್ಲ. ಈ ಪ್ರೋಟೀನ್ ಕೆಲಸ ಮಾಡುವುದು ಹುಳದ ಕರುಳಿನಲ್ಲಿ. ಅಲ್ಲಿ ಕ್ಷಾರ ಜಾಸ್ತಿ. ಕರುಳಿನ ಗೋಡೆಯ ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು ತೂತು ಮಾಡುತ್ತದೆ, ಹುಳ ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಹಸಿರು ಕಾಯಿಕೊರಕದ ಮೇಲೆ ಇದು ಚೆನ್ನಾಗಿ ನಡೆಯಿತು. ಜಿಗಿಹುಳ, ಸಸ್ಯಹೇನಿನಂಥ ರಸ ಹೀರುವ ಕೀಟಗಳಿಗೆ ಮೊದಲಿನಿಂದಲೂ ತಾಗುವುದಿಲ್ಲ. ಗುಲಾಬಿ ಕಾಯಿಕೊರಕ ಮಾತ್ರ ತಾಳಿಕೊಳ್ಳುವುದನ್ನು ಕಲಿತುಬಿಟ್ಟಿತು. ಒಂದು ಜೀನಿನ ಹತ್ತಿಯನ್ನು ಅದು ಗುಜರಾತಿನಲ್ಲಿ ಮೀರಿದ ಸುದ್ದಿ 2010ರಲ್ಲಿ ಬಂತು. 2006ರಿಂದಲೇ ಬಿತ್ತನೆಯಲ್ಲಿದ್ದ ಎರಡು ಜೀನಿನ ಹತ್ತಿಯನ್ನೂ 2015ರ ಹೊತ್ತಿಗೆ ಮೀರಿತ್ತು.

ಇಲ್ಲಿ ನಾನು ಬಿಟಿ ಬೀಜದ ಜೊತೆ ಬರುತ್ತಿದ್ದ ಸಣ್ಣ ಪೊಟ್ಟಣದ ವಿಷಯ ತೆಗೆಯುತ್ತೇನೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಇಲ್ಲದ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲು. ಅಲ್ಲಿ ಬದುಕಿದ ಮಾಮೂಲಿ ಪತಂಗಗಳು ತಾಳಿಕೆ ಪಡೆದ ಪತಂಗಗಳ ಜೊತೆ ಕೂಡಿದರೆ, ಮರಿಗಳಲ್ಲಿ ತಾಳಿಕೆ ಬೇಗ ಹರಡುವುದಿಲ್ಲ. ಬಹಳ ಕಡೆ ರೈತರು ಅದನ್ನು ಬಿತ್ತಲಿಲ್ಲ. ರೈತರನ್ನು ಬೈದು ಏನು ಪ್ರಯೋಜನ? ಅದು ಯಾಕೆ ಬೇಕು ಅಂತ ಅರ್ಥವಾಗುವ ಹಾಗೆ ಅವರಿಗೆ ಹೇಳಿದವರೇ ಕಡಿಮೆ. ಆಮೇಲೆ ಎರಡೂ ಬೀಜ ಬೆರೆಸಿದ ಪಾಕೀಟು ಬಂತು. ಹಾಗಾಗಿ ಒಂದೇ ಸಾಲಿನ ಕೆಲವು ಗಿಡಗಳಲ್ಲಿ ಒಂದೇ ಗೆರೆ ಬರಬಹುದು. ಅಂಥ ಗಿಡ ಸಿಕ್ಕಾಗ ಮಕ್ಕಳಿಗೆ ಯಾಕೆ ಅಂತ ತಾವೇ ಹೊಳೆಯುತ್ತದೆ.

ನ್ಯಾನೊ ಕಣವನ್ನು ತಯಾರಿಸಲು ಬೆಳ್ಳಿ ಸುಲಭ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 0.17 ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿ ಕಂದು ಬಾಟಲಿಯಲ್ಲಿ ಇಡುತ್ತೇನೆ. ತುಳಸಿ ಎಲೆ ಕುದಿಸಿ ಸೋಸಿದ ನೀರನ್ನು ಇದಕ್ಕೆ ಸ್ವಲ್ಪ ಸೇರಿಸಿ ಬೆಚ್ಚಗೆ ಇಟ್ಟರೆ ಬಣ್ಣ ನಿಧಾನಕ್ಕೆ ಹಳದಿ, ಆಮೇಲೆ ಕಂದು ಆಗುತ್ತದೆ. ಎಲೆಯಲ್ಲಿನ ರಾಸಾಯನಿಕಗಳು ಬೆಳ್ಳಿಯ ಅಯಾನುಗಳನ್ನು ಕಣಗಳಾಗಿ ಮಾಡುತ್ತವೆ. ದ್ರಾವಣದೊಳಗೆ ಲೇಸರ್ ಹಾಯಿಸಿ ಬೆಳಕಿನ ದಾರಿ ತೋರಿಸಿ ‘ನೋಡಿ ನ್ಯಾನೊ’ ಅನ್ನುವುದು ಸಾಕಾಗುವುದಿಲ್ಲ. ಬರೀ ತುಳಸಿ ನೀರಿನಲ್ಲೂ ಆ ದಾರಿ ಕಾಣಬಹುದು, ಅದಕ್ಕೇ ಅದನ್ನೂ ಪಕ್ಕದಲ್ಲಿಟ್ಟು ತೋರಿಸಬೇಕು. ಖಚಿತ ಮಾಡಿಕೊಳ್ಳಲು ಬೆಳಕನ್ನು ಅಳೆಯುವ ಯಂತ್ರವೇ ಬೇಕು. ಕೈಗೆ ಗ್ಲೌಸ್ ಕಡ್ಡಾಯ, ಕಲೆ ದಿನಗಟ್ಟಲೆ ಹೋಗುವುದಿಲ್ಲ. ಉಳಿದ ದ್ರಾವಣವನ್ನು ಮೋರಿಗೆ ಚೆಲ್ಲಬಾರದು. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ.

ನ್ಯಾನೊ ಯೂರಿಯಾಕ್ಕೆ ಪ್ರಯೋಗ ಬೇಕಿಲ್ಲ, ಲೆಕ್ಕ ಸಾಕು. 2021ರಲ್ಲಿ ಗೊಬ್ಬರ ತಯಾರಿಸುವ ಸಹಕಾರಿ ಸಂಸ್ಥೆ ಇಫ್ಕೋ ತಂದ 500 ಮಿಲಿ ಬಾಟಲಿಯಲ್ಲಿ ಸಾರಜನಕ ಇದ್ದದ್ದು ಶೇ 4. ಅಂದರೆ ಸುಮಾರು 20 ಗ್ರಾಂ. 45 ಕೆಜಿ ಯೂರಿಯಾ ಚೀಲದಲ್ಲಿ ಶೇ 46, ಅಂದರೆ 20 ಕೆಜಿ 700 ಗ್ರಾಂ. ಚೀಲದ ಗೊಬ್ಬರದಲ್ಲಿ ಮೂರನೇ ಒಂದು ಭಾಗ ಮಾತ್ರ ಬೆಳೆಗೆ ಸಿಕ್ಕಿತು ಅಂದುಕೊಂಡರೂ ಸುಮಾರು 7 ಕೆಜಿ ಆಯಿತು. ಎಲೆಯ ಮೂಲಕ ನೇರ ಸೇರುವುದರಿಂದ ಬಾಟಲಿ ಚೀಲಕ್ಕೆ ಸಮ ಅಂತ ತಯಾರಕರು ಹೇಳುತ್ತಾರೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭತ್ತ, ಗೋಧಿಯ ಇಳುವರಿ ಇಳಿಯಿತು. ಮಕ್ಕಳು ಈ ಲೆಕ್ಕವನ್ನು ಮನೆಗೆ ಒಯ್ದು ಅಪ್ಪನ ಮುಂದೆ ಮಾಡಿ ತೋರಿಸಲಿ ಅಂತಲೇ ನಾನು ಇದನ್ನು ಕೊಡುವುದು. ಚೀಲ ಬಿಟ್ಟು ಬರೀ ಬಾಟಲಿ ನಂಬಿ ಎಂದು ನಾನು ಯಾರಿಗೂ ಹೇಳಲಾರೆ.

ನೀವೂ ಕಲಿಸುವವರಾದರೆ ಒಂದು ಮಾತು. ಈ ಅಧ್ಯಾಯ ವರ್ಷದ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಹತ್ತಿ ಬಿಡಿಸಿ ಆಗಿರುತ್ತದೆ. ಪಟ್ಟಿಯ ಪರೀಕ್ಷೆಯನ್ನು ಜುಲೈ–ಆಗಸ್ಟಿನಲ್ಲೇ ಮುಗಿಸಿಕೊಳ್ಳಿ. ಗಿಡದ ಮೇಲ್ತುದಿಯ ಎಳೆ ಎಲೆಯನ್ನೇ ಆರಿಸಿ. ಗಿಡ ಬಲಿತಂತೆ ಬಿಟಿ ಪ್ರೋಟೀನ್ ಇಳಿಯುತ್ತದೆ, ಗೆರೆ ಮಸುಕಾಗುತ್ತದೆ.