ಬೋಟ್ ಎಂಜಿನ್‌ಗೆ ಪೆಟ್ರೋಲ್ ಬರ್ತಿಲ್ವಾ? ಬಲ್ಬ್ ಹಿಂಡಿ ನೋಡಿ

ತುಮಕೂರಿನ ಅಮಾನಿಕೆರೆಯಂಥ ಕಡೆ, ನೀರಿನ ಮಧ್ಯೆ ಎಂಜಿನ್ ನಿಂತರೆ ಸುಮ್ನೆ ಹಗ್ಗ ಎಳೆಯುತ್ತಾ ಕೂರಬೇಡಿ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ, ಎಲ್ಲರೂ ಮರೆಯೋದು ಅದನ್ನೇ. ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಬಾಣದ ಗುರುತು ಮೇಲಕ್ಕೆ ಬರುವಂತೆ ಹಿಡಿದು ಹಿಂಡಿ. ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಕನೆಕ್ಟರಿನ ಓ-ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ), ಕ್ಲಿಪ್, ಪೈಪಿನ ಬಿರುಕು ಎಲ್ಲವನ್ನೂ ಬೆರಳಾಡಿಸಿ ನೋಡಿ. ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡರೆ ಟ್ಯಾಂಕ್ ಕಡೆ ಏನೋ ಕಟ್ಟಿಕೊಂಡಿದೆ.

ಫಿಲ್ಟರಿನಲ್ಲಿರೋ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು 10 ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಹನಿಹನಿಯಾಗಿ ಕೂರುತ್ತದೆ. ಹತ್ತಿರ ಬೀಡಿ, ಬೆಂಕಿ ಬೇಡವೇ ಬೇಡ.

ಓಡುವಾಗ ಸೊರಗುವ ಎಂಜಿನ್ ಬಲ್ಬ್ ಹಿಂಡಿದ ಕೂಡಲೇ ಚೇತರಿಸಿಕೊಂಡರೆ, ನನ್ನ ಅನುಮಾನ ಪೆಟ್ರೋಲ್ ಪಂಪಿನ ಡಯಾಫ್ರಾಂ, ಅಂದ್ರೆ ಪೆಟ್ರೋಲ್ ತಳ್ಳೋ ತೆಳು ಪೊರೆಯ ಮೇಲೆ.